ಕೆಳಮನೆಯ ತೇವ

ಆ ಮನೆಯನ್ನು ನಮಗೆ ಮಾರಲು ಮೊದಲು ಒಪ್ಪದೇ ಹೋದವರು ಅದರ ಒಡತಿಯೇ. ಬೆಲೆಯ ವಿಷಯಕ್ಕಲ್ಲ, ನಮ್ಮ ಮೇಲಿನ ಅಪನಂಬಿಕೆಗೂ ಅಲ್ಲ. ನಾವು ಹೋಗಿದ್ದು ಬೇಸಿಗೆಯಲ್ಲಿ ಎಂಬ ಒಂದೇ ಕಾರಣಕ್ಕೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಯಳಂದೂರಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ನನ್ನವರು ಕೊಳ್ಳೇಗಾಲದಲ್ಲಿ ಪಶು ಆಸ್ಪತ್ರೆಯ ಕಾಂಪೌಂಡರ್. ಮದುವೆಯಾದ ಆರು ವರ್ಷಗಳಲ್ಲಿ ನಾಲ್ಕು ಬಾಡಿಗೆ ಮನೆ ನೋಡಿದ್ದೆವು. ಒಂದು ಕಡೆ ಮೊಳೆ ಹೊಡೆಯುವಂತಿರಲಿಲ್ಲ, ಇನ್ನೊಂದು ಕಡೆ ಸಂಜೆ ಆರರ ಮೇಲೆ ಒರಳಿನಲ್ಲಿ ರುಬ್ಬುವಂತಿರಲಿಲ್ಲ. ನಾಲ್ಕು ವರ್ಷದ ಮಗಳು ಗೋಡೆಯ ಮೇಲೆ ಗೀಚಿದಳೆಂದು ಮಾಲೀಕರ ಮನೆಯಿಂದ ಮಾತು ಕೇಳಿಸಿಕೊಂಡ ದಿನ, ನಮ್ಮದೇ ಒಂದು ಗೋಡೆ ಇರಲಿ, ಅದು ಎಂಥದ್ದಾದರೂ ಆಗಲಿ ಎಂದು ನಾನು ಹಟ ಹಿಡಿದೆ.

ಎಂಥದ್ದಾದರೂ ಆಗಲಿ ಎಂದಿದ್ದಕ್ಕೆ ಸರಿಯಾಗಿ ಅಂಥದ್ದೇ ಸಿಕ್ಕಿತು. ಕೊಳ್ಳೇಗಾಲದ ನೇಕಾರರ ಬೀದಿಗಳಲ್ಲಿ ಒಂದು ಕಡೆ ನೆಲ ಇಳಿಜಾರಾಗಿದೆ. ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಒಂದಾಳೆತ್ತರ ವ್ಯತ್ಯಾಸ. ಆ ಇಳಿಜಾರಿನಲ್ಲಿ ಒಂದೇ ಕಟ್ಟಡ, ಒಂದರ ಮೇಲೊಂದು ಎರಡು ಮನೆ. ಮೇಲುಮನೆಯ ಬಾಗಿಲು ಮೇಲಿನ ಬೀದಿಗೆ, ಕೆಳಮನೆಯ ಬಾಗಿಲು ಕೆಳಗಿನ ಬೀದಿಗೆ. ಪಕ್ಕದ ಸಂದಿಯಲ್ಲಿ ಕಲ್ಲಿನ ಮೆಟ್ಟಿಲು. ಕೆಳಮನೆಗೆ ಮುಂದೆ ಮಾತ್ರ ಬೆಳಕು. ಹಿಂದಿನ ಗೋಡೆ ಪೂರಾ ಮಣ್ಣಿಗೆ ಬೆನ್ನು ಕೊಟ್ಟು ನಿಂತಿತ್ತು. ಬೀದಿಗೆ ಜಲ್ಲಿ ಹಾಕಿ ಹಾಕಿ ಎತ್ತರ ಮಾಡಿದ್ದರಿಂದ ಮುಂಬಾಗಿಲಿಗೂ ಎರಡು ಮೆಟ್ಟಿಲು ಇಳಿದೇ ಹೋಗಬೇಕಿತ್ತು. ನಡುಮನೆಯ ನೆಲದಲ್ಲಿ ಒಂದು ಗುಣಿ. ಮೊದಲು ಅಲ್ಲಿ ಕೈಮಗ್ಗ ಇತ್ತು. ನೇಯುವವರು ಆ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರು.

ಹಾಗೆ ಕೂತು ಮೂವತ್ತು ವರ್ಷ ರೇಷ್ಮೆ ನೇಯ್ದವರೇ ಮನೆಯ ಒಡತಿ. ಅರವತ್ತು ದಾಟಿದ್ದ ಹೆಂಗಸು, ಸಣಕಲು ಮೈ, ದೊಡ್ಡ ಕಣ್ಣು. ಬೀದಿಯವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಮಂಡಿ ನೋವು ಬಂದ ಮೇಲೆ ಗುಣಿಗೆ ಇಳಿಯುವುದು ಬಿಟ್ಟು ಮೇಲುಮನೆಯಲ್ಲಿ ತಮ್ಮನ ಸಂಸಾರದ ಜೊತೆಗಿದ್ದರು. ತಮ್ಮನದು ಗುಣಿ ಬೇಡದ ಎತ್ತರದ ಮಗ್ಗ. ಇವರು ಅವನಿಗೆ ರಾಟೆಯಲ್ಲಿ ನೂಲು ಸುತ್ತಿಕೊಡುತ್ತಿದ್ದರು. ಅಪ್ಪ ಇವರ ಹೆಸರಿಗೆ ಬರೆದಿದ್ದ ಕೆಳಮನೆ ಸುಮ್ಮನೆ ಬೀಗ ಬಿದ್ದಿರುವುದು ಅವರಿಗೆ ಸರಿ ಕಂಡಿರಲಿಲ್ಲ. ದೀಪ ಹಚ್ಚುವವರು ಯಾರಾದರೂ ಬರಲಿ ಎಂದು ಮಾರಲು ಹೊರಟಿದ್ದರು.

ನಾವು ನೋಡಿದ್ದು ಏಪ್ರಿಲ್ ತಿಂಗಳಲ್ಲಿ. ಹೊರಗೆ ಬಿಸಿಲು ಸುಡುತ್ತಿತ್ತು. ಒಳಗೆ ಕಾಲಿಟ್ಟರೆ ಗುಡಿಯೊಳಗೆ ಬಂದಂತೆ ತಂಪು. ಮಾತಾಡುತ್ತಿರುವಾಗಲೇ ಮಗಳು ಬರಿ ನೆಲದ ಮೇಲೆ ಮಲಗಿ ನಿದ್ದೆ ಹೋದಳು. ನನಗೆ ಅಷ್ಟೇ ಸಾಕಾಯಿತು. ಮುಂಗಡ ಕೊಟ್ಟು ಹೋಗುತ್ತೇವೆ ಎಂದೆ. ದೊಡ್ಡವ್ವ ತಲೆಯಾಡಿಸಿಬಿಟ್ಟರು.

‘ಈಗ ಬ್ಯಾಡ ಕನವ್ವ. ಬ್ಯಾಸ್ಗೇಲಿ ನೋಡಿ ತಕ್ಕಂಡು, ಆಮೇಲೆ ನನ್ನ ಬಯ್ಕಂಡು ಬದುಕೋದು ಬ್ಯಾಡ. ಮಳೆ ಉಯ್ಲಿ. ಬಂದು ಒಳಗೆ ಕೂತ್ಕಂಡು ನೋಡಿ. ಆಗ್ಲೂ ಬೇಕು ಅಂದ್ರೆ ಕೊಡ್ತೀನಿ.’

ಬೇರೆ ಯಾರಾದರೂ ಬಂದು ಕೇಳಿದರೆ ಎಂದು ನನ್ನವರು ಅಳುಕುತ್ತಾ ಕೇಳಿದರು. ಯಾರು ಬಂದರೂ ಇದೇ ಮಾತು ಹೇಳುತ್ತೇನೆ, ನೀವು ಮೊದಲು ಬಂದವರು, ಮೊದಲು ನೋಡುವವರೂ ನೀವೇ ಎಂದರು. ಮನೆ ಮಾರುವವರು ತಮ್ಮ ಮನೆಯ ದೋಷವನ್ನು ಕೊಳ್ಳುವವರಿಗೆ ತೋರಿಸಲೆಂದು ಮಳೆ ಕಾಯುವುದನ್ನು ನಾನು ಆವರೆಗೆ ಕೇಳಿರಲಿಲ್ಲ.

ನಮ್ಮ ಕಡೆ ಮಳೆ ಜೋರಾಗುವುದು ದಸರೆಯ ಆಸುಪಾಸಿನಲ್ಲಿ. ಆ ವರ್ಷ ಮೂರು ದಿನ ಬಿಡದೆ ಹುಯ್ದಿತು. ನಾಲ್ಕನೆಯ ದಿನ ದೊಡ್ಡವ್ವ ಪಶು ಆಸ್ಪತ್ರೆಗೆ ಹೇಳಿ ಕಳಿಸಿದರು, ಈಗ ಬರಬಹುದು ಎಂದು. ಧನಗೆರೆಯಿಂದ ನನ್ನ ಅಪ್ಪನೂ ಬಂದಿದ್ದರು. ಅವರು ಹುಟ್ಟಾ ಬೇಸಾಯಗಾರರು. ಮನೆ ಕೊಳ್ಳುವ ಮಾತೆಂದರೆ ಅವರಿಲ್ಲದೆ ನಡೆಯುವಂತಿರಲಿಲ್ಲ.

ದೊಡ್ಡವ್ವ ಚಾಪೆ ಹಾಸಿ ನಮ್ಮನ್ನು ಹಿಂಗೋಡೆಗೆ ಎದುರಾಗಿ ಕೂರಿಸಿದರು. ಯಾವುದೋ ನಾಟಕ ಶುರುವಾಗುತ್ತದೆ ಎನ್ನುವ ಹಾಗೆ ನಾವು ನಾಲ್ವರೂ ಗೋಡೆ ನೋಡುತ್ತಾ ಕೂತೆವು. ಗೋಡೆ ಬೆವರುತ್ತಿತ್ತು. ಮೊಣಕಾಲೆತ್ತರದವರೆಗೆ ಕಪ್ಪಗೆ ನೆಂದು, ಅಲ್ಲಲ್ಲಿ ಹನಿ ಕಟ್ಟಿ, ಒಂದು ಹನಿ ಇನ್ನೊಂದಕ್ಕೆ ಸೇರಿ ಸರ್ರನೆ ಇಳಿಯುತ್ತಿತ್ತು. ಬಲಮೂಲೆಯಲ್ಲಿ ಅದು ಬೆವರಲ್ಲ, ಒರತೆ. ಬೆರಳು ಇಟ್ಟರೆ ಬೆರಳ ಸುತ್ತ ನೀರು ನಿಲ್ಲುತ್ತಿತ್ತು. ಆ ಮೂಲೆಯ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿತ್ತು, ಮೇಲೆ ಬಾಡಿದ ಕಣಗಲೆ ಹೂ.

ಎಲ್ಲಿಂದ ಬರುತ್ತದೆ ಈ ನೀರು ಎಂದು ನನ್ನವರು ಕೇಳಿದರು.

‘ಗಂಗವ್ವ ಕಣಪ್ಪ,’ ಎಂದರು ದೊಡ್ಡವ್ವ. ‘ನಾ ಮಗ್ಗಕ್ಕೆ ಕೂತ ಕಾಲ್ದಿಂದ್ಲೂ ಇಲ್ಲೇ ಅವ್ಳೆ. ಬ್ಯಾಸ್ಗೇಲಿ ಒಸಿ ಕಮ್ಮಿ, ಅಷ್ಟೇಯ.’

ಗೌರಿ ಹಬ್ಬದ ದಿನ ಮಾತ್ರ ತಾನು ಬಂದು ಆ ಮೂಲೆಗೆ ಹೂ ಇಟ್ಟು ಹೋಗಲು ಬಿಡಬೇಕು, ಮನೆ ಕೊಡುವುದಕ್ಕೆ ಅದೊಂದೇ ಷರತ್ತು ಎಂದು ಹೇಳಿದರು. ಅಪ್ಪ ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿ, ಆ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದರು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಬಾಯಿ ಬಿಟ್ಟರು.

‘ತ್ಯಾವ ಇದ್ರೆ ತಪ್ಪಲ್ಲ ಕನವ್ವ. ಅದು ಎಲ್ಲಿಂದ ಬತ್ತದ ಅಂತ ತಿಳ್ಕಳ್ದೆ ತಕ್ಕಂಡ್ರೆ ತಪ್ಪು.’

ನಾವು ತಿಳಿದುಕೊಳ್ಳದೆಯೇ ತೆಗೆದುಕೊಂಡೆವು. ಇಷ್ಟು ಬಿಚ್ಚಿ ಹೇಳುವ ಹೆಂಗಸಿನ ಮನೆಯಲ್ಲಿ ಮುಚ್ಚಿಟ್ಟದ್ದು ಬೇರೆ ಏನಿರಲು ಸಾಧ್ಯ ಎಂದು ನನ್ನವರ ಲೆಕ್ಕ. ನನಗೆ ಬೇಸಿಗೆಯ ಆ ತಂಪು ಮರೆತಿರಲಿಲ್ಲ. ನಾವು ಮನೆ ನೋಡಿ ಕೊಂಡೆವೋ ದೊಡ್ಡವ್ವನನ್ನು ನೋಡಿ ಕೊಂಡೆವೋ ಎಂದು ಆಮೇಲೆ ಎಷ್ಟೋ ಸಲ ತಮಾಷೆ ಮಾಡಿಕೊಂಡಿದ್ದೇವೆ.

ಯುಗಾದಿಗೆ ಹಾಲುಕ್ಕಿಸಿದೆವು. ಮೊದಲ ನಾಲ್ಕು ತಿಂಗಳು ರಾಣಿಯ ಹಾಗೆ ಇದ್ದೆ. ಯಳಂದೂರಿನಿಂದ ಬಸ್ಸಿನಲ್ಲಿ ಬೆವರಿ ಬಂದು, ಎರಡು ಮೆಟ್ಟಿಲು ಇಳಿದು, ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕೂತರೆ ಏಳುವ ಮನಸ್ಸೇ ಬರುತ್ತಿರಲಿಲ್ಲ. ಮಳೆಗಾಲ ಬಂತು. ಉಪ್ಪಿನ ಭರಣಿಯಲ್ಲಿ ಉಪ್ಪು ನೀರಾಯಿತು. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ. ತಿದ್ದಲು ತಂದಿಟ್ಟ ಮಕ್ಕಳ ನೋಟು ಬುಕ್ಕುಗಳು ಬೆಳಗಾಗುವುದರಲ್ಲಿ ಹಪ್ಪಳದ ಹಾಗೆ ಡೊಂಕಾಗಿರುತ್ತಿದ್ದವು. ಕಬ್ಬಿಣದ ಟ್ರಂಕಿನಲ್ಲಿ ನನ್ನ ಮದುವೆ ಸೀರೆಯ ಮಡಿಕೆಗೆ ಬೂಷ್ಟು ಹಿಡಿಯಿತು. ಒಂದು ದಿನ ಅಕ್ಕಿ ಮೂಟೆ ಎತ್ತಿದರೆ ತಳ ನೆಲದಲ್ಲೇ ಉಳಿಯಿತು.

ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡೆವು. ಸಹಿಸಲಾಗದ್ದು ಮಗಳ ಕೆಮ್ಮು. ಗೋಡೆಯ ಕಡೆ ಮಲಗಿಸಿದ ದಿನ ಬೆಳಗ್ಗೆ ಎದೆ ಗೊರಗೊರ ಎನ್ನುತ್ತಿತ್ತು. ಡಾಕ್ಟರು ಔಷಧಿ ಬರೆದುಕೊಟ್ಟು, ಮನೆ ಬದಲಾಯಿಸಿ ನೋಡಿ ಎಂದರು. ಕೊಂಡ ಮನೆ ಎಂದು ಹೇಳಲು ನನಗೆ ನಾಚಿಕೆಯಾಗಿ ಸುಮ್ಮನೆ ತಲೆಯಾಡಿಸಿ ಬಂದೆ.

ಶಾಲೆಯಲ್ಲಿ ಎಲ್ಲರೂ ಸಲಹೆ ಕೊಟ್ಟರು. ಕೊನೆಗೆ ಸಿಮೆಂಟ್ ಪ್ಲಾಸ್ಟರ್ ಗಟ್ಟಿಯಾಗಿ ಹಾಕಿಸಿಬಿಡಿ, ಹನಿ ನೀರು ಒಳಗೆ ಬಂದರೆ ಕೇಳಿ ಎಂದ ಒಬ್ಬ ಸಹೋದ್ಯೋಗಿಯ ಮಾತು ಹಿಡಿದೆವು. ಊರಿನ ಒಬ್ಬ ಗಾರೆಯವನನ್ನು ಕರೆಸಿ ಸೊಂಟದೆತ್ತರಕ್ಕೆ ಸಿಮೆಂಟ್ ಬಳಿಸಿದೆವು. ಮೂಲೆಯ ಕಲ್ಲಿಗೂ ಬಳಿಯಬೇಕಾಯಿತು. ಆ ಗೌರಿ ಹಬ್ಬಕ್ಕೆ ಹೂ ಹಿಡಿದು ಬಂದ ದೊಡ್ಡವ್ವ ಬೂದು ಬಣ್ಣದ ಗೋಡೆಯನ್ನು ಒಂದು ಗಳಿಗೆ ನೋಡಿ, ಹೂವನ್ನು ಕೆಳಗೆ ನೆಲದ ಮೇಲಿಟ್ಟು, ಮೆಟ್ಟಿಲು ಹತ್ತಿ ಹೋದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಒಂದು ತಿಂಗಳು ಗೋಡೆ ಒಣಗಿಯೇ ಇತ್ತು. ನನ್ನವರು ದಿನಾ ಬೆಳಗ್ಗೆ ಹಲ್ಲುಜ್ಜುತ್ತಾ ಅದನ್ನು ತಟ್ಟಿ ನೋಡುತ್ತಿದ್ದರು. ದಸರೆಯ ಮಳೆ ಹಿಡಿದಾಗ ಸಿಮೆಂಟಿನ ಮೇಲಂಚು ದಾಟಿ, ಎದೆಯ ಎತ್ತರದಲ್ಲಿ, ಒಂದು ಕಪ್ಪು ಗೆರೆ ಮೂಡಿತು. ಕೆಳಗೆ ದಾರಿ ಮುಚ್ಚಿದ ನೀರು ಮೇಲೆ ದಾರಿ ಹುಡುಕಿತ್ತು. ವಾರದೊಳಗೆ ಅದು ತಲೆಯ ಎತ್ತರಕ್ಕೆ ಹೋಯಿತು. ಅಲ್ಲಿ ನೇತುಹಾಕಿದ್ದ ನಮ್ಮ ಮದುವೆ ಫೋಟೋದಲ್ಲಿ ನನ್ನವರ ಮುಖಕ್ಕೆ ಬಿಳಿ ಬೂಷ್ಟು ಬಂದು ಮೀಸೆ ನರೆತವರ ಹಾಗೆ ಕಾಣಿಸತೊಡಗಿದರು. ಮನೆ ಮಾರಿಬಿಡೋಣ ಎಂದು ಒಂದು ಸಂಜೆ ನಾನೇ ಅಂದೆ. ಮಾರಬೇಕಾದರೆ ನಾವೂ ಮಳೆಗಾಲದಲ್ಲೇ ತೋರಿಸಬೇಕಾಗುತ್ತದಲ್ಲ, ಯಾರು ಕೊಳ್ಳುತ್ತಾರೆ ಎಂದು ಅವರು ಕೇಳಿದರು. ಇಬ್ಬರಿಗೂ ನಗು ಬಂತು. ಮಾರುವ ಮಾತು ಅಲ್ಲಿಗೇ ನಿಂತಿತು.

ದಾರಿ ತೋರಿಸಿದ್ದು ದನಗಳ ಕಾಲುಬಾಯಿ ಜ್ವರ. ಆ ಚಳಿಗಾಲ ಹನೂರಿನ ಕಡೆಯ ಹಳ್ಳಿಗಳಲ್ಲಿ ಚುಚ್ಚುಮದ್ದಿನ ಕ್ಯಾಂಪ್ ನಡೆಯಿತು. ನನ್ನವರು ಅಲ್ಲಿಗೆ ಹೋದಾಗ ಮಧ್ಯಾಹ್ನದ ಊಟಕ್ಕೆ ಒಂದು ಹಳೆಯ ಛತ್ರದಲ್ಲಿ ಕೂತಿದ್ದರಂತೆ. ಛತ್ರದ ಬೆನ್ನಿಗೇ ಕಟ್ಟೆ, ಕಟ್ಟೆ ತುಂಬ ನೀರು. ಆದರೂ ಗೋಡೆ ಒಣಗಿದ ಹಲಗೆಯ ಹಾಗಿದೆ. ಯಾರು ಮಾಡಿದ್ದು ಈ ಗಾರೆ ಎಂದು ಊಟ ಬಿಟ್ಟು ವಿಚಾರಿಸಿದ್ದಾರೆ. ಹನೂರಿನ ಒಬ್ಬ ಮುದುಕ ಮೇಸ್ತ್ರಿಯ ಹೆಸರು ಸಿಕ್ಕಿತು. ಸಂಜೆ ಆ ಮೇಸ್ತ್ರಿಯನ್ನು ಕರೆದುಕೊಂಡೇ ಮನೆಗೆ ಬಂದರು.

ಮೇಸ್ತ್ರಿ ಕಪ್ಪಗೆ, ಗಿಡ್ಡಗೆ ಇದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಆಡುವ ಊರಿನವರು. ಎರಡೂ ಸೇರಿ ಅವರ ಮಾತು ಒಂದು ಬಗೆಯಾಗಿತ್ತು. ನೀರಿಗೆ ತಣ್ಣಿ ಎಂದೇ ಹೇಳುತ್ತಿದ್ದರು. ಕಾಫಿ ಕೊಟ್ಟರೆ ಆಮೇಲೆ ಎಂದು ಕೈಯಾಡಿಸಿ ನೇರ ಗೋಡೆಯ ಹತ್ತಿರ ಹೋದರು. ಸಿಮೆಂಟನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು. ಟೊಳ್ಳು ಶಬ್ದ ಬಂತು.

‘ಗ್ವಾಡೆಗೂ ಉಸ್ರು ಬೇಕಮ್ಮಾ. ಸಿಮಿಟಿ ಆಕಿ ಬಾಯಿ ಕಟ್ಬುಟ್ಟಿದೀರ. ತಣ್ಣಿ ಎಲ್ಲಿಗ್ ಓಯ್ತದ? ಮ್ಯಾಕ್ ಓಯ್ತದ.’

ಅವರು ಮೊದಲು ಮಾಡಿದ ಕೆಲಸ ಸಿಮೆಂಟನ್ನು ಕಿತ್ತು ಹಾಕಿದ್ದು. ಆಮೇಲೆ ಎರಡು ದಿನ ಏನೂ ಮಾಡಲಿಲ್ಲ. ಮೆಟ್ಟಿಲು ಹತ್ತಿ ಇಳಿದು, ಮೇಲಿನ ಬೀದಿಯಲ್ಲಿ ನಿಂತು, ಮೇಲುಮನೆಯ ಜಗುಲಿಯಲ್ಲಿ ಕೂತು ಬೀಡಿ ಸೇದಿ ಬಂದರು. ದುಡ್ಡು ಕೊಟ್ಟು ಸುಮ್ಮನೆ ಕೂರಿಸಿದ್ದೇವೆ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು. ಮೂರನೆಯ ದಿನ ಅವರೇ ಹೇಳಿದರು. ಗೋಡೆ ಪೂರಾ ನೆನೆಯುವುದು ಮಳೆಯ ನೀರು, ಮೇಲಿನ ಬೀದಿಯಿಂದ ಬರುವುದು. ಅದು ದೊಡ್ಡ ವಿಷಯವಲ್ಲ. ಮೂಲೆಯ ಒರತೆ ಬೇರೆ. ಅದು ಬೇಸಿಗೆಯಲ್ಲೂ ನಿಲ್ಲುವುದಿಲ್ಲ ಎಂದರೆ ದಿನಾ ಯಾರೋ ನೀರು ಹಾಕುತ್ತಿದ್ದಾರೆ ಎಂದೇ ಅರ್ಥ. ಹೇಳಿ, ಅವರು ಗದ್ದ ಎತ್ತಿ ಮೇಲುಮನೆಯ ಕಡೆ ತೋರಿಸಿದರು. ನಮ್ಮ ಮೂಲೆಯ ಹಿಂದಕ್ಕೆ, ಮಣ್ಣಿನ ಮೇಲೆ, ಸರಿಯಾಗಿ ಅಲ್ಲೇ ಇದ್ದದ್ದು ಮೇಲುಮನೆಯ ಬಚ್ಚಲು.

ಅನುಮಾನದ ಮೇಲೆ ಒಬ್ಬರ ಬಚ್ಚಲು ಒಡೆಯಬಾರದು, ಮೊದಲು ಸಾಕ್ಷಿ ಬೇಕು ಎಂದರು ಮೇಸ್ತ್ರಿ. ನೇಕಾರರ ಬೀದಿಯಲ್ಲಿ ಸಾಕ್ಷಿಗೆ ಬಡತನವಿರಲಿಲ್ಲ. ಪಕ್ಕದ ಬೀದಿಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವವರಿದ್ದರು. ಅವರಿಂದ ಒಂದು ಪೊಟ್ಟಣ ಬಣ್ಣದ ಪುಡಿ ತಂದರು. ಗಿಳಿಹಸಿರು. ಕೆಂಪು ತಂದರೆ ಕುಂಕುಮ ಇಳಿದಿದೆ ಅಂದುಕೊಳ್ಳುತ್ತಾರೆ ಎಂದು ಅದನ್ನು ಬೇಕೆಂದೇ ಬಿಟ್ಟಿದ್ದರು. ನಮ್ಮ ಮೂಲೆಗೆ ಸುಣ್ಣ ಬಳಿದು ಬೆಳ್ಳಗೆ ಮಾಡಿ, ಶನಿವಾರ ಮಧ್ಯಾಹ್ನ ಮೇಲೆ ಹೋಗಿ, ಬಚ್ಚಲ ತೂಬು ನೋಡಬೇಕು ಎಂದು ದೊಡ್ಡವ್ವನ ತಮ್ಮನಿಗೆ ಹೇಳಿ, ಬಣ್ಣ ಕಲಸಿದ ನೀರನ್ನು ಕೊಡಗಟ್ಟಲೆ ಸುರಿದರು. ದೊಡ್ಡವ್ವ ಆ ಹೊತ್ತು ಮನೆಯಲ್ಲಿರಲಿಲ್ಲ.

ಭಾನುವಾರ ಏನೂ ಕಾಣಲಿಲ್ಲ. ನನಗೆ ಒಂದು ಕಡೆ ಸಮಾಧಾನವೇ ಆಯಿತು ಎಂದರೆ ನಂಬಬೇಕು. ಸೋಮವಾರ ಬೆಳಗ್ಗೆ ಡಬ್ಬಿಗೆ ಉಪ್ಪಿಟ್ಟು ತುಂಬಿ ಬಸ್ಸಿಗೆ ಹೊರಡುವ ಮುಂಚೆ ಮೂಲೆಗೆ ಕಣ್ಣು ಹಾಯಿಸಿದೆ. ಬಿಳಿ ಸುಣ್ಣದ ಮೇಲೆ ಎಲೆಯ ನರದ ಹಾಗೆ ಒಂದು ಹಸಿರು ಗೆರೆ ಇಳಿದಿತ್ತು. ನೋಡುತ್ತಿದ್ದಂತೆ ಅದರ ಪಕ್ಕದಲ್ಲಿ ಇನ್ನೊಂದು.

ನನ್ನವರು ಒಂದು ಉಪಾಯ ಹೇಳಿದರು. ಮೇಲಿನ ತೂಬು ಒಡೆದಿದೆ, ರಿಪೇರಿ ಮಾಡಿಸೋಣ ಎಂದಷ್ಟೇ ಹೇಳೋಣ, ಗಂಗವ್ವನ ಸುದ್ದಿ ಎತ್ತುವುದು ಬೇಡ. ಅವರ ನಂಬಿಕೆ ಅವರಿಗಿರಲಿ. ಮಾತು ಸರಿಯಾಗಿಯೇ ಇತ್ತು. ಆದರೆ ತನ್ನ ಮನೆಯ ಕೊರತೆಯನ್ನು ನಮಗೆ ತೋರಿಸಲು ಆರು ತಿಂಗಳು ಕಾದ ಹೆಂಗಸಿನಿಂದ ನಾನು ಮುಚ್ಚಿಡುವುದು ಹೇಗೆ? ಆ ದಿನ ಬಸ್ಸು ಬಿಟ್ಟೆ. ಸಂದಿಯ ಮೆಟ್ಟಿಲು ಹತ್ತಿ ಹೋಗಿ, ದೊಡ್ಡವ್ವ, ಒಂದು ನಿಮಿಷ ಕೆಳಗೆ ಬಂದು ಹೋಗಿ ಎಂದೆ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು.

ಮೂಲೆಯ ಮುಂದೆ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಬಣ್ಣ ತಂದದ್ದು, ಅವರ ಬಚ್ಚಲಿಗೆ ಸುರಿದದ್ದು, ಅವರಿಗೆ ಹೇಳದೆ ಸುರಿದದ್ದು ತಪ್ಪು ಎಂಬುದು. ಅವರು ಬಗ್ಗಿ ಹಸಿರು ನೀರನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

‘ಮೂವತ್ತು ವರ್ಸದಿಂದ ನಾನು ನಮ್ಮ ಬಚ್ಲಿಗೇ ಕುಂಕುಮ ಇಟ್ಟೀನಾ ಆಗಾರೆ,’ ಎಂದರು.

ಆಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡು ನಾನು ಹತ್ತಿರ ಹೋದೆ. ನಗುತ್ತಿದ್ದರು. ನಿಲ್ಲಲಾರದೆ ಅಲ್ಲೇ ನೆಲದ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಸುಧಾರಿಸಿಕೊಂಡ ಮೇಲೆ ನನ್ನ ಕೈ ಹಿಡಿದರು.

‘ನಾನು ಸುಳ್ಳು ಏಳ್ನಿಲ್ಲ ಕನ್ ಮಗ. ನಂಗೆ ಗೊತ್ತಿದ್ದದ್ದೇ ಏಳ್ದೆ.’

ಗೊತ್ತು ದೊಡ್ಡವ್ವ ಎಂದೆ.

ಅವತ್ತೇ ಬಚ್ಚಲು ಒಡೆಯಿರಿ ಎಂದು ಹಟ ಹಿಡಿದವರೂ ಅವರೇ. ತಮ್ಮ ಗೊಣಗಿದರೆ, ಕೆಳಗೆ ಮಗು ಕೆಮ್ಮುತ್ತಿರುವುದು ನಾವು ಮೀಯುವ ನೀರಿಗೆ ಎಂದು ಗದರಿದರು. ಚಪ್ಪಡಿ ಎತ್ತಿದಾಗ ಒಳಗೆ ಸಿಕ್ಕಿದ್ದು ಒಂದು ದೊಡ್ಡ ಮಣ್ಣಿನ ಹರವಿ. ಅವರ ಅಪ್ಪನ ಕಾಲದಲ್ಲಿ ನೀರು ಇಂಗಲೆಂದು ಹೂಳಿದ್ದು. ತಳ ಎಂದೋ ಒಡೆದು, ಸುತ್ತಲಿನ ಮಣ್ಣು ಕೆಸರಾಗಿ, ಆರು ಜನರ ಸ್ನಾನದ ನೀರು, ಜೊತೆಗೆ ರೇಷ್ಮೆ ಬೇಯಿಸಿದ ಸೋಪಿನ ನೀರು, ಅಷ್ಟೂ ನಮ್ಮ ಗೋಡೆಯ ಬೆನ್ನಿಗೆ ಬರುತ್ತಿತ್ತು. ಮನೆ ನೋಡಿದ ದಿನ ನನ್ನ ಅಪ್ಪ ಅಂಗೈ ಮೂಸಿದಾಗ ಅವರಿಗೆ ಏನು ವಾಸನೆ ಬಂದಿತ್ತೆಂದು ಆಮೇಲೆ ಕೇಳಿದೆ. ಸೋಪು ಅನ್ನಿಸ್ತು, ಆ ಮನೆಯಲ್ಲಿ ಯಾರೋ ಆಗತಾನೇ ಕೈ ತೊಳೆದಿರಬೇಕು ಅಂದುಕೊಂಡೆ ಎಂದರು.

ಮೇಸ್ತ್ರಿ ಹರವಿ ತೆಗೆದು, ಸಂದಿಯ ಉದ್ದಕ್ಕೂ ಪೈಪು ಹಾಕಿ, ಬಚ್ಚಲ ನೀರನ್ನು ಬೀದಿಯ ಮೋರಿಗೆ ಸೇರಿಸಿದರು. ಮೇಲಿನ ಬೀದಿಯ ಮಳೆ ನೀರು ಸಂದಿಗೆ ತಿರುಗುವ ಹಾಗೆ ಒಂದು ಕಲ್ಲಿನ ಕಾಲುವೆ ಕಟ್ಟಿದರು. ಆಮೇಲೆ ಗೋಡೆ. ಸುಣ್ಣವನ್ನು ತೊಟ್ಟಿಯಲ್ಲಿ ದಿನಗಟ್ಟಲೆ ನೆನೆಹಾಕಿ, ಬೆಲ್ಲ, ಅಳಲೆಕಾಯಿ ಕೊಳೆಸಿದ ನೀರು ಬೆರೆಸಿ, ಮರಳು ಹಾಕಿ ಅರೆದರು. ಮನೆಯೆಲ್ಲ ಹುಳಿ ವಾಸನೆ. ಅಷ್ಟು ದಿನವೂ ಮೇಸ್ತ್ರಿ ನಮ್ಮ ಜಗುಲಿಯಲ್ಲೇ ಇದ್ದರು. ನಾನು ಮಾಡಿದ ಮುದ್ದೆ ಗಟ್ಟಿ ಸಾಲದು ಎಂದು ನನಗೇ ಹೇಳಿ, ಒಂದು ದಿನ ಕೋಲು ಕಿತ್ತುಕೊಂಡು ತಾವೇ ತಿರುವಿ ತೋರಿಸಿದರು. ಈಗಲೂ ನಾನು ಮುದ್ದೆ ಮಾಡುವುದು ಅವರು ತೋರಿಸಿದ ರೀತಿಯಲ್ಲೇ.

ಮಗ್ಗದ ಗುಣಿಯಲ್ಲೂ ನೀರು ನಿಲ್ಲುತ್ತಿದ್ದುದರಿಂದ ಅದನ್ನು ತುಂಬಬೇಕಾಗಿತ್ತು. ತುಂಬುವ ದಿನ ದೊಡ್ಡವ್ವನಿಗೆ ಹೇಳಿ ಕಳಿಸಿದೆ. ಬಂದವರು ಗುಣಿಯ ಅಂಚಿನಲ್ಲಿ ನಿಂತು, ಒಂದು ಸಲ ಕೂರಿಸಿ ಎಂದರು. ನಾನೂ ಮೇಸ್ತ್ರಿಯೂ ರಟ್ಟೆ ಹಿಡಿದು ಕೂರಿಸಿದೆವು. ಕಾಲು ಇಳಿಬಿಟ್ಟು, ಬಲಗಾಲು ಒಮ್ಮೆ, ಎಡಗಾಲು ಒಮ್ಮೆ, ಇಲ್ಲದ ತುಳಿಮಣೆಯನ್ನು ತುಳಿಯುವ ಹಾಗೆ ಆಡಿಸಿದರು. ಮೇಸ್ತ್ರಿ ಎತ್ತಿಕೊಂಡಿದ್ದ ಕರಣೆಯನ್ನು ಮತ್ತೆ ಕೆಳಗಿಟ್ಟರು. ಸಾಕು, ಎತ್ತಿ ಎಂದರು ದೊಡ್ಡವ್ವ. ಇಟ್ಟಿಗೆ ಚೂರು, ಮರಳು ತುಂಬಿ ಮೇಲೆ ಕಲ್ಲು ಚಪ್ಪಡಿ ಹಾಸಿದರು. ಆ ಕಲ್ಲಿನ ಮೇಲೆ ಮಗಳು ಅವತ್ತೇ ಕುಂಟಾಬಿಲ್ಲೆಯ ಮನೆ ಬರೆದಳು.

ಮುಂದಿನ ಗೌರಿ ಹಬ್ಬಕ್ಕೆ ದೊಡ್ಡವ್ವ ಏನು ಮಾಡುತ್ತಾರೋ ಎಂದು ನಮಗೆ ಕುತೂಹಲ. ಬೆಳಗ್ಗೆ ಹೂವಿನ ತಟ್ಟೆ ಹಿಡಿದು ಇಳಿದು ಬಂದರು. ನಮ್ಮ ಮನೆಯ ಬಾಗಿಲಲ್ಲಿ ನಿಲ್ಲದೆ ಎದುರಿಗಿದ್ದ ಬೀದಿ ನಲ್ಲಿಯ ಹತ್ತಿರ ಹೋಗಿ, ನಲ್ಲಿಯ ಕತ್ತಿಗೆ ಅರಿಶಿನ ಕುಂಕುಮ ಹಚ್ಚಿ, ಕಣಗಲೆ ಹೂ ಸಿಕ್ಕಿಸಿ ಕೈಮುಗಿದರು. ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರು ಜಾಗ ಬಿಟ್ಟರು. ಈ ಗಂಗವ್ವ ಎಲ್ಲಿಂದ ಬರುತ್ತಾಳೆ ಅಂತ ಎಲ್ಲರಿಗೂ ಗೊತ್ತು, ಮೋಸ ಇಲ್ಲ ಎಂದು ನನಗೆ ಹೇಳಿ ಹೋದರು. ಆಮೇಲೆ ಆ ಬೀದಿಯಲ್ಲಿ ಗೌರಿ ಹಬ್ಬಕ್ಕೆ ನಲ್ಲಿ ಪೂಜೆ ಮಾಡುವುದೇ ರೂಢಿಯಾಯಿತು.

ಗೋಡೆ ಒಂದೇ ಸಲಕ್ಕೆ ಒಣಗಲಿಲ್ಲ. ಇಷ್ಟು ವರ್ಷ ಕುಡಿದದ್ದನ್ನು ಕಕ್ಕಲು ಎರಡು ಬೇಸಿಗೆಯಾದರೂ ಬೇಕು, ಒರೆಸಬೇಡಿ, ತೊಳೆಯಬೇಡಿ, ಮೇಲೆ ಬರುವ ಉಪ್ಪನ್ನು ಪೊರಕೆಯಿಂದ ಗುಡಿಸಿ ಅಷ್ಟೇ ಎಂದು ಮೇಸ್ತ್ರಿ ಹೇಳಿ ಹೋಗಿದ್ದರು. ಪ್ರತಿ ಭಾನುವಾರ ಗೋಡೆ ಗುಡಿಸುವುದು ನಮ್ಮ ಮನೆಯ ಒಂದು ಕೆಲಸವಾಯಿತು. ಬಿಳಿ ಉಪ್ಪು ಹಿಟ್ಟಿನ ಹಾಗೆ ಅರಳಿರುತ್ತಿತ್ತು. ಗುಡಿಸುವ ಮುಂಚೆ ಮಗಳು ಅದರಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತಿದ್ದಳು. ಅವಳ ಒತ್ತಕ್ಷರಗಳು ನೆಟ್ಟಗಾದದ್ದು ಆ ಗೋಡೆಯ ಮೇಲೆಯೇ. ಎರಡನೆಯ ಬೇಸಿಗೆ ಕಳೆಯುವಷ್ಟರಲ್ಲಿ ಉಪ್ಪು ಬರುವುದು ನಿಂತಿತು. ಕೆಮ್ಮು ಅದಕ್ಕೂ ಮೊದಲೇ ಹೋಗಿತ್ತು.

ನಾಲ್ಕೈದು ವರ್ಷಗಳ ಮೇಲೆ ಒಂದು ದಿನ ಮೇಸ್ತ್ರಿ ಬಂದರು. ಯಾವುದೋ ಮದುವೆಗೆ ಕೊಳ್ಳೇಗಾಲಕ್ಕೆ ಬಂದವರು, ತಲೆಗೆ ಹೊಸ ಪೇಟ. ಚೆನ್ನಾಗಿದ್ದೀರಾ ಎಂದು ನಾವು ಕೇಳಿದ್ದಕ್ಕೆ ಹೂಂ ಎಂದು, ಗೋಡೆಯ ಕಡೆ ನಡೆದರು. ಉದ್ದಕ್ಕೂ ಅಂಗೈ ಸವರಿಕೊಂಡು ಹೋಗಿ ಒಂದು ಕಡೆ ನಿಂತು, ಇಲ್ಲಿ ನನ್ನ ಕೈ ಅವಸರ ಮಾಡಿದೆ ಎಂದು ಬೇಸರಪಟ್ಟುಕೊಂಡರು. ನಮಗೆ ಏನೂ ಕಾಣಲಿಲ್ಲ. ಅವರು ಮದುವೆಯ ಬಟ್ಟೆಯಲ್ಲೇ ಹಿಡಿಯಷ್ಟು ಸುಣ್ಣ ಕೇಳಿ ತರಿಸಿ, ಹೆಬ್ಬೆರಳಿನಿಂದ ಒತ್ತಿ ಸರಿ ಮಾಡಿ, ಆಮೇಲೆ ಕಾಫಿ ಕುಡಿದರು.

ದೊಡ್ಡವ್ವ ಬೇಸಿಗೆಯಲ್ಲಿ ರಾಟೆ ಹೊರಿಸಿಕೊಂಡು ನಮ್ಮ ಮನೆಗೇ ಬರತೊಡಗಿದರು. ಮೇಲುಮನೆಯ ಹೆಂಚಿನ ಕೆಳಗೆ ಕಾವು ಜಾಸ್ತಿ, ಒಣಗಾಳಿಗೆ ರೇಷ್ಮೆ ಎಳೆ ಕಡಿಯುತ್ತಿತ್ತು. ನನಗೆ ಶಾಲೆಗೆ ರಜೆ. ಅವರು ಎಳೆ ಸುತ್ತುತ್ತಿದ್ದರು, ನಾನು ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂರುತ್ತಿದ್ದೆ. ಬೀದಿಯ ಇನ್ನೂ ಇಬ್ಬರು ಮೂವರು ಹೆಂಗಸರು ತಮ್ಮ ತಮ್ಮ ಕೆಲಸ ತಂದು ಸೇರುತ್ತಿದ್ದರು. ಒಂದು ಮಧ್ಯಾಹ್ನ ಎಳೆ ಮೂರು ಸಲ ಕಡಿದಾಗ ದೊಡ್ಡವ್ವ ನನ್ನ ಕಡೆ ತಿರುಗಿ, ಈ ಮನೆ ಹಾಳಾಯಿತು, ಮೊದಲಿನ ಹಾಗೆ ತೇವವೇ ಇಲ್ಲ ಎಂದು ದೂರಿದರು. ನಾನು ಚೊಂಬಿನಲ್ಲಿ ನೀರು ತಂದು ಅವರ ಸುತ್ತ ನೆಲಕ್ಕೆ ಚಿಮುಕಿಸಿದೆ. ಇನ್ನೊಸಿ, ಆ ಕಡೆಗೂ ಎಂದು ಕೈ ತೋರಿಸಿದರು. ಅಲ್ಲಿಗೂ ಚಿಮುಕಿಸಿದೆ. ಹತ್ತು ಹನ್ನೆರಡು ಬೇಸಿಗೆ ಹೀಗೇ ನಡೆಯಿತು. ತೀರಿಕೊಂಡ ವರ್ಷದ ಬೇಸಿಗೆಯಲ್ಲೂ ಬಂದಿದ್ದರು.

ಮಗಳು ಈಗ ಮೈಸೂರಿನಲ್ಲಿ ಓದುತ್ತಿದ್ದಾಳೆ. ನಾವಿಬ್ಬರೂ ಅದೇ ಮನೆಯಲ್ಲಿದ್ದೇವೆ. ಪೂರ್ತಿ ಒಣಗಿತು ಎಂದು ಹೇಳಿದರೆ ಸುಳ್ಳಾದೀತು. ಜೋರು ಮಳೆಯ ವರ್ಷ ಎಡಗಡೆ ಕೆಳಗೆ ಅಂಗೈಯಗಲ ಜಾಗ ಕಪ್ಪಾಗುತ್ತದೆ, ದೀಪಾವಳಿ ಕಳೆದ ಮೇಲೆ ತಾನೇ ತಿಳಿಯಾಗುತ್ತದೆ. ಅಲ್ಲಿ ಏನನ್ನೂ ಇಡುವುದಿಲ್ಲ. ಮಿಕ್ಕ ಗೋಡೆಗೆ ಒರಗಿ ಕೂತು ನಾನು ಸಂಜೆ ನೋಟು ಬುಕ್ಕು ತಿದ್ದುತ್ತೇನೆ. ಹಾಳೆಗಳು ನೆಟ್ಟಗಿರುತ್ತವೆ.